ಟಿಕೆಟ್ ತಗೊಂಡೇ ಹೋಗು ಅನ್ನುವ ಅಪ್ಪನ ಸಿಟ್ಟು ಎಲ್ಲಿಂದ ಬಂತು?

ಪ್ರಶ್ನೆ: ಮೇಡಂ, ನಮ್ಮ ಊರು ಸಾಗರದ ಹತ್ತಿರ. ಎರಡು ಎಕರೆ ಗದ್ದೆ, ಪಕ್ಕದಲ್ಲಿ ಆಮೇಲೆ ಮಾಡಿದ ಅಡಿಕೆ ತೋಟ ಇದೆ. ಗದ್ದೆ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ಉಳುವವನಿಗೇ ಭೂಮಿ ಅನ್ನುವ ಕಾನೂನಿನಲ್ಲಿ ಅಜ್ಜ ಡಿಕ್ಲರೇಶನ್ (ಅರ್ಜಿ) ಹಾಕಿ ಪಡೆದದ್ದು. ಅಪ್ಪನಿಗೆ ಈಗ 68. ಸರ್ಕಾರಿ ಹಾಸ್ಟೆಲಿನಲ್ಲಿದ್ದು ಓದಿದವರು. ಆದರೆ ಹೆಂಗಸರಿಗೆ ಫ್ರೀ ಬಸ್ಸಿನ ಶಕ್ತಿ, ತಿಂಗಳಿಗೆ ದುಡ್ಡು ಕೊಡುವ ಗೃಹಲಕ್ಷ್ಮಿ ಅಂದರೆ ಸಾಕು, ಮುಖ ಕೆಂಪಾಗುತ್ತದೆ. ಅಮ್ಮ ತಿಂಗಳಿಗೊಮ್ಮೆ ಶುಗರ್ ತೋರಿಸಲು ಶಿವಮೊಗ್ಗಕ್ಕೆ ಹೋಗುತ್ತಾರೆ. "ಬಿಟ್ಟಿ ಹೋಗ್ಬೇಡ, ಟಿಕೆಟ್ ತಗೊಂಡೇ ಹೋಗು" ಅಂತ ಅಪ್ಪ ಪ್ರತಿ ಸಲ ಇನ್ನೂರು ರೂಪಾಯಿ ಕೈಗಿಡುತ್ತಾರೆ. ಅಮ್ಮ ಮಾತಾಡದೆ ಇಸ್ಕೊಂಡು, ಆಧಾರ್ ತೋರಿಸಿ ಫ್ರೀಯಾಗಿ ಹೋಗಿ ಬರುತ್ತಾರೆ. ಆ ದುಡ್ಡು ಸಾಸಿವೆ ಡಬ್ಬದ ಹಿಂದೆ ಸೇರುತ್ತದೆ, ಅದು ನನಗೆ ಮಾತ್ರ ಗೊತ್ತು. ನಾನು ಬೆಂಗಳೂರಿನಿಂದ ಫೋನ್ ಮಾಡಿದಾಗೆಲ್ಲ ಅಪ್ಪನ ಜೊತೆ ಇದೇ ಜಗಳ. ಸರ್ಕಾರದ ಸಹಾಯದಿಂದಲೇ ಮೇಲೆ ಬಂದ ಮನುಷ್ಯನಿಗೆ ಬೇರೆಯವರಿಗೆ ಸಿಕ್ಕರೆ ಯಾಕೆ ಇಷ್ಟು ಹೊಟ್ಟೆಕಿಚ್ಚು?

ಉತ್ತರ: ನಿಮ್ಮ ಪತ್ರದ ಕೊನೆಯ ಪದದಿಂದಲೇ ಶುರು ಮಾಡುತ್ತೇನೆ. ಹೊಟ್ಟೆಕಿಚ್ಚು ಅಂದಿದ್ದೀರಿ. ನನಗೆ ಹಾಗೆ ಅನಿಸುತ್ತಿಲ್ಲ. ಇಪ್ಪತ್ತೆರಡು ವರ್ಷ ಮನಶ್ಶಾಸ್ತ್ರ ಕಲಿಸಿದ್ದೇನೆ, ಈ ಸಿಟ್ಟನ್ನು ತುಂಬಾ ಜನರಲ್ಲಿ ಹತ್ತಿರದಿಂದ ನೋಡಿದ್ದೇನೆ. ಅದಕ್ಕೆ ತಪ್ಪು ಹೆಸರಿಟ್ಟರೆ ಮುಂದಿನ ಮಾತೆಲ್ಲ ಹಾಳಾಗುತ್ತದೆ. ನೀವು ಫೋನಿನಲ್ಲಿ ಈ ಪದ ಬಳಸಿದ್ದರೆ, ನಿಮ್ಮ ಅಪ್ಪ ಆ ಕ್ಷಣದಿಂದ ನಿಮ್ಮ ಮಾತು ಕೇಳುವುದನ್ನು ನಿಲ್ಲಿಸಿರುತ್ತಾರೆ.

ಹೊಟ್ಟೆಕಿಚ್ಚು ಸಾಮಾನ್ಯವಾಗಿ ಮೇಲಿನವರನ್ನು ನೋಡಿ ಬರುವುದು. ನಮಗಿಂತ ಜಾಸ್ತಿ ಇರುವವರನ್ನು ಕಂಡು. ಇದರ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಇದೆ, 2017ರಲ್ಲಿ ಪ್ರಕಟವಾದದ್ದು. ಲೀಡಾ ಕಾಸ್ಮಿಡೀಸ್, ಜಾನ್ ಟೂಬಿ ಅನ್ನುವ ಸಂಶೋಧಕರಿದ್ದ ತಂಡ ಅಮೆರಿಕ, ಬ್ರಿಟನ್, ಇಸ್ರೇಲ್ ಮತ್ತು ನಮ್ಮ ಭಾರತದಲ್ಲಿ ಒಟ್ಟು 6,024 ಜನರನ್ನು ಕೇಳಿ ಮಾಡಿದ್ದು. ಇದ್ದವರಿಂದ ತೆಗೆದು ಇಲ್ಲದವರಿಗೆ ಕೊಡುವುದನ್ನು ಜನ ಯಾಕೆ ಬೆಂಬಲಿಸುತ್ತಾರೆ ಅಂತ ನೋಡಿದರು. ಮೂರು ಕಾರಣ ಸಿಕ್ಕವು: ಕನಿಕರ, ಹೊಟ್ಟೆಕಿಚ್ಚು, ನನಗೇನು ಸಿಗುತ್ತದೆ ಅನ್ನುವ ಲೆಕ್ಕ. ಗಮನಿಸಿ, ಹೊಟ್ಟೆಕಿಚ್ಚು ಇರುವುದು ಬೆಂಬಲಿಸುವವರ ಕಡೆ. ಶ್ರೀಮಂತರ ಮೇಲೆ ತೆರಿಗೆ ಜಾಸ್ತಿ ಹಾಕಿದರೆ ಬಡವರಿಗೆ ಸಿಗುವುದು ಕಮ್ಮಿಯೇ ಆಗುತ್ತದೆ ಅಂತ ಗೊತ್ತಿದ್ದರೂ ಜಾಸ್ತಿ ತೆರಿಗೆಯನ್ನೇ ಆರಿಸಿಕೊಂಡವರು ಅಮೆರಿಕ, ಭಾರತ, ಬ್ರಿಟನ್‌ನಲ್ಲಿ ನೂರಕ್ಕೆ 14ರಿಂದ 18 ಜನ ಇದ್ದರು. ಹಾಗಾಗಿ ನಮ್ಮ ಕಡೆಯವರದ್ದು ಬರೀ ಒಳ್ಳೆಯ ಮನಸ್ಸು, ಆ ಕಡೆಯವರದ್ದು ಬರೀ ಕೆಟ್ಟ ಮನಸ್ಸು ಅಂತ ಯಾರೂ ಅಂದುಕೊಳ್ಳುವ ಹಾಗಿಲ್ಲ.

ಸ್ವಾರ್ಥವೂ ಅಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ನಿಮ್ಮ ಮನೆಗೇ ಬರುತ್ತಿರಬೇಕು. ಬಸ್ಸಿನ ಖರ್ಚು ಉಳಿಯುವುದೂ ನಿಮ್ಮ ಮನೆಗೇ. ಸ್ವಾರ್ಥ ಇದ್ದಿದ್ದರೆ ನಿಮ್ಮ ಅಪ್ಪ ಖುಷಿಪಡಬೇಕಿತ್ತು. ಆದರೆ ಅವರು ಕೈಯಾರೆ ಇನ್ನೂರು ರೂಪಾಯಿ ಕಳೆದುಕೊಳ್ಳಲು ತಯಾರಿದ್ದಾರೆ, ಅದೂ ಪ್ರತಿ ತಿಂಗಳು. ದುಡ್ಡು ಕೊಟ್ಟು ಉಳಿಸಿಕೊಳ್ಳುತ್ತಿರುವ ಒಂದು ವಸ್ತು ಅವರ ಹತ್ತಿರ ಇದೆ ಅಂತಾಯಿತು. ಅದೇನು ಅನ್ನುವುದೇ ನಿಮ್ಮ ಪ್ರಶ್ನೆಯ ಒಳಗಿನ ಪ್ರಶ್ನೆ.

ಮೊದಲು ಬಸ್ಸು ಹತ್ತೋಣ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಆಮೇಲಿನ ದಿನಗಳಲ್ಲಿ ನಾನು ಸರ್ಕಾರಿ ಬಸ್ಸಿನಲ್ಲಿ ತುಂಬಾ ಓಡಾಡಿದ್ದೇನೆ, ಫ್ರೀ ಟಿಕೆಟಿನಲ್ಲೇ. ಒಂದು ಸಲ ಸುಮಾರು ಐವತ್ತು ವರ್ಷದ ಒಬ್ಬರು, ಹೆಗಲ ಮೇಲೆ ಟವೆಲ್, ಕೈಯಲ್ಲಿ ಸ್ಪ್ರೇಯರಿನ ಒಂದು ಬಿಡಿಭಾಗ ಹಿಡಿದುಕೊಂಡು ಒಂದು ಗಂಟೆ ನಿಂತೇ ಬಂದರು. ಅವರ ಮುಂದಿನ ಸೀಟಿನಲ್ಲಿ ಮೂರು ಜನ ಹೆಂಗಸರು, ಮದುವೆಗೆ ಹೊರಟವರು, ನಗುತ್ತಾ ಹೂವು ಹಂಚಿಕೊಳ್ಳುತ್ತಿದ್ದರು. ನಿಂತಿದ್ದ ಆ ಮನುಷ್ಯ ಯಾರಿಗೂ ಅಂತಲ್ಲದೆ ಹೇಳಿದರು: "ದುಡ್ಡು ಕೊಟ್ಟೋನು ನಿಂತ್ಕೋಬೇಕು, ಫ್ರೀ ಬಂದೋರು ಕೂತ್ಕೋಬೇಕು." ಹೆಂಗಸರು ನಗು ನಿಲ್ಲಿಸಿದರು. ಮುಂದಿನ ಸ್ಟಾಪಿನವರೆಗೆ ಯಾರೂ ಮಾತಾಡಲಿಲ್ಲ.

ಆ ಮನುಷ್ಯ ಕೊಟ್ಟ ಟಿಕೆಟ್ ದುಡ್ಡು ಮೊದಲೂ ಕೊಡುತ್ತಿದ್ದದ್ದೇ. ಕಾಲು ನೋವು ನಿಜ. ಆದರೆ ಅವರನ್ನು ಸುಟ್ಟದ್ದು ಆ ನಗು ಅಂತ ನನಗೆ ಅನಿಸಿತು. ಆ ಹೆಂಗಸರು ಆಸ್ಪತ್ರೆಗೆ ಹೊರಟಿದ್ದು, ಮುಖ ಬಾಡಿದ್ದರೆ ಅದೇ ಮನುಷ್ಯ ಕೂತಿದ್ದರೂ ತಾನೇ ಎದ್ದು ಸೀಟು ಬಿಟ್ಟುಕೊಡುತ್ತಿದ್ದರೋ ಏನೋ. ನಮ್ಮ ಮನಸ್ಸು ಸಹಾಯ ಪಡೆಯುವವರನ್ನು ನೋಡಿದ ತಕ್ಷಣ ಒಂದೇ ಪ್ರಶ್ನೆ ಕೇಳುತ್ತದೆ. ಇವರಿಗೆ ಕಷ್ಟ ಬಂದಿದೆಯಾ, ಅಥವಾ ಇವರು ಕಷ್ಟಪಡುತ್ತಿಲ್ಲವಾ? ಮೊದಲನೆಯದಾದರೆ ಕನಿಕರ. ಎರಡನೆಯದಾದರೆ ಸಿಟ್ಟು. ಲೆಕ್ಕಾಚಾರ ಆಮೇಲೆ ಬರುತ್ತದೆ, ಆ ಸಿಟ್ಟಿಗೆ ಹೊಂದಿಕೊಂಡು ಬರುತ್ತದೆ.

ಡೆನ್ಮಾರ್ಕಿನ ಸಂಶೋಧಕರಾದ ಮೈಕೆಲ್ ಬ್ಯಾಂಗ್ ಪೀಟರ್ಸನ್ ಮತ್ತು ಲೆನೆ ಆರೊ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಡೆನ್ಮಾರ್ಕಿನಲ್ಲಿ ತೆರಿಗೆಯೂ ಜಾಸ್ತಿ, ಸರ್ಕಾರದ ಸಹಾಯವೂ ಜಾಸ್ತಿ. ಅಮೆರಿಕದಲ್ಲಿ ಎರಡೂ ಕಮ್ಮಿ. ಎರಡೂ ದೇಶದವರ ಮುಂದೆ ಸರ್ಕಾರದ ಸಹಾಯ ಪಡೆಯುವ ಒಬ್ಬ ಗಂಡಸಿನ ವಿಷಯ ಇಟ್ಟರು. ಕೆಲವರಿಗೆ, ಇವನು ಯಾವಾಗಲೂ ದುಡಿಯುತ್ತಿದ್ದವನು, ಕೆಲಸದಲ್ಲಿ ಪೆಟ್ಟಾಗಿ ಕೂತಿದ್ದಾನೆ, ಮತ್ತೆ ದುಡಿಯಲು ಕಾಯುತ್ತಿದ್ದಾನೆ ಅಂತ ಹೇಳಿದರು. ಇನ್ನು ಕೆಲವರಿಗೆ, ಗಟ್ಟಿಮುಟ್ಟಾಗಿದ್ದಾನೆ, ದುಡಿಯುವ ಮನಸ್ಸಿಲ್ಲ ಅಂತ. ಅಷ್ಟೇ, ಒಂದೆರಡು ವಾಕ್ಯ. ಡೆನ್ಮಾರ್ಕಿನವರೂ ಅಮೆರಿಕದವರೂ ಹೆಚ್ಚುಕಮ್ಮಿ ಒಂದೇ ಉತ್ತರ ಕೊಟ್ಟರು. ಪೆಟ್ಟಾದವನಿಗೆ ಕೊಡಿ, ಸೋಮಾರಿಗೆ ಬೇಡ. ಹುಟ್ಟಿದ ದೇಶ, ಬೆಳೆದ ರಾಜಕೀಯ ಎಲ್ಲ ಆ ಎರಡು ವಾಕ್ಯದ ಮುಂದೆ ಸರಿದು ನಿಂತವು. ವ್ಯತ್ಯಾಸ ಇದ್ದದ್ದು ಏನೂ ಹೇಳದೆ ಬಿಟ್ಟಾಗ. ಆಗ ಅವರವರು ತಮ್ಮ ತಲೆಯಲ್ಲಿ ಮೊದಲೇ ಇದ್ದ ಚಿತ್ರ ಹಾಕಿಕೊಂಡರು.

ನಿಮ್ಮ ಅಪ್ಪನ ತಲೆಯಲ್ಲಿ ಯಾವ ಚಿತ್ರ ಇದೆ ಅಂತ ಒಂದು ಸಲ ಕೇಳಿ ನೋಡಿ. ಬಿಟ್ಟಿ ಅಂದಾಗ ಅವರ ಕಣ್ಣ ಮುಂದೆ ಬರುವವರು ಯಾರು? ಖಂಡಿತ ನಿಮ್ಮ ಅಮ್ಮ ಅಲ್ಲ. ಯಾರೋ ಒಬ್ಬ ಇರುತ್ತಾನೆ, ದಿನಾ ಕಟ್ಟೆ ಮೇಲೆ ಕೂತು ಬೀಡಿ ಸೇದುವವನು. ಅಂಥವನು ಊರಿಗೊಬ್ಬ ಇದ್ದೇ ಇರುತ್ತಾನೆ. ಆ ಒಬ್ಬ ಇಡೀ ಯೋಜನೆಯ ಮುಖ ಆಗಿಬಿಡುತ್ತಾನೆ.

ಅನ್ನಭಾಗ್ಯ 2013ರಲ್ಲಿ ಶುರುವಾದಾಗಿನಿಂದ ಒಂದು ಮಾತು ಕೇಳುತ್ತಾ ಬಂದಿದ್ದೇವೆ, ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿದರು ಅಂತ. ಮನೆಗೆ ಅಕ್ಕಿ ಬಂದ ಮಾತ್ರಕ್ಕೆ ಮಕ್ಕಳ ಶೂ, ಮೊಬೈಲ್ ಕರೆನ್ಸಿ ಯಾವುದೂ ಬರುವುದಿಲ್ಲ. ದುಡಿಯಲೇಬೇಕು. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಜೊತೆಯವರು ಆರು ದೇಶಗಳಲ್ಲಿ ನಡೆದ ಏಳು ನಗದು ಸಹಾಯ ಯೋಜನೆಗಳ ಲೆಕ್ಕ ತೆಗೆದು ನೋಡಿದ್ದಾರೆ. ದುಡ್ಡು ಸಿಕ್ಕಿತು ಅಂತ ಜನ ದುಡಿಮೆ ಬಿಟ್ಟದ್ದಕ್ಕೆ ಆಧಾರ ಸಿಗಲಿಲ್ಲ. ನಾನು ಇದನ್ನು ಎಷ್ಟೋ ಕಡೆ ಹೇಳಿದ್ದೇನೆ. ಕೇಳಿದವರು ತಲೆ ಆಡಿಸುತ್ತಾರೆ. ಆಮೇಲೆ, "ಅದೆಲ್ಲ ಸರಿ, ಆದ್ರೆ ನಮ್ಮೂರಲ್ಲಿ ಅಡಿಕೆ ಸುಲಿಯೋಕೆ ಜನ ಸಿಗ್ತಿಲ್ಲ" ಅನ್ನುತ್ತಾರೆ.

ಅವರು ಸುಳ್ಳು ಹೇಳುತ್ತಿಲ್ಲ. ಜನ ಸಿಗುತ್ತಿಲ್ಲ ಅನ್ನುವುದು ನಿಜ. ಆದರೆ ಅದರ ಒಳಗೆ ಇನ್ನೊಂದು ಮಾತಿದೆ. ಮನೆಯಲ್ಲಿ ಅಕ್ಕಿ ಇದ್ದರೆ ಕಮ್ಮಿ ಕೂಲಿಗೆ ಬರುವುದಿಲ್ಲ ಅನ್ನಬಹುದು. ಬಸ್ಸು ಫ್ರೀ ಇದ್ದರೆ ಜಾಸ್ತಿ ಕೂಲಿ ಸಿಗುವ ಪೇಟೆಗೆ ಹೋಗಬಹುದು. ಅಂದರೆ ಕೂಲಿ ಹೆಂಗಸು ದುಡಿಯುವುದನ್ನು ಬಿಟ್ಟಿಲ್ಲ, ಕರೆದ ಕೂಡಲೇ ಬರುವುದನ್ನು ಬಿಟ್ಟಿದ್ದಾಳೆ. ಕರೆಯುವವರಿಗೆ ಇವೆರಡೂ ಒಂದೇ ತರಹ ಕಾಣುತ್ತವೆ.

ಇದು ನನಗೆ ಗೊತ್ತಾದದ್ದು ಯಾವ ಅಧ್ಯಯನದಿಂದಲೂ ಅಲ್ಲ, ನನ್ನ ಅಜ್ಜಿಯಿಂದ. ನಿಮ್ಮದು ಡಿಕ್ಲರೇಶನ್ ಹಾಕಿ ಭೂಮಿ ಪಡೆದ ಮನೆ. ನಮ್ಮ ಅಮ್ಮನ ತವರು ಉಡುಪಿ ಕಡೆ, ಅದೇ ಕಾನೂನಿನಲ್ಲಿ ಭೂಮಿ ಕಳೆದುಕೊಂಡ ಮನೆ. ನಮ್ಮ ಗದ್ದೆ ಉಳುತ್ತಿದ್ದ ಒಕ್ಕಲುಗಳು ಕೊಡುವ ಗೇಣಿ ಅಕ್ಕಿ, ಹುಲ್ಲಿನಲ್ಲಿ ಕಟ್ಟಿದ ಮುಡಿ ಮುಡಿಯಾಗಿ ಬಂದು ಚಾವಡಿಯಲ್ಲಿ ಬೀಳುತ್ತಿತ್ತಂತೆ. 1974ರ ಮಾರ್ಚ್ 1ರಿಂದ ತಿದ್ದುಪಡಿ ಜಾರಿಗೆ ಬಂತು, ಒಕ್ಕಲುಗಳು ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿಯಲ್ಲಿ ಒಂದೊಂದಾಗಿ ತೀರ್ಮಾನ ಆಯಿತು, ಮುಡಿ ಬರುವುದು ನಿಂತಿತು. ಅಜ್ಜಿ ಸಾಯುವವರೆಗೂ ಆ ಕಾನೂನನ್ನು ಬೈಯುತ್ತಿದ್ದರು. ಆದರೆ ಎಷ್ಟು ಎಕರೆ ಹೋಯಿತು ಅಂತ ನಾನು ಕೇಳಿದಾಗ, "ಅದೆಲ್ಲ ನಿನ್ನ ಅಜ್ಜನಿಗೆ ಗೊತ್ತಿತ್ತು" ಅಂದರು. ಅವರಿಗೆ ಲೆಕ್ಕ ನೆನಪಿರಲಿಲ್ಲ.

ಅವರಿಗೆ ನೆನಪಿದ್ದದ್ದು ಒಂದು ಬೆಳಿಗ್ಗೆ. ಹಿಂದೆ ನಮ್ಮ ಒಕ್ಕಲಾಗಿದ್ದವರೊಬ್ಬರು ಮಗಳ ಮದುವೆ ಕಾಗದ ಕೊಡಲು ಬಂದಿದ್ದರು. ಯಾವಾಗಲೂ ಅಂಗಳದಲ್ಲಿ ನಿಲ್ಲುತ್ತಿದ್ದವರು. ಆ ದಿನ ಮೆಟ್ಟಿಲು ಹತ್ತಿದರು, ಜಗಲಿಯ ಬೆಂಚಿನ ಮೇಲೆ ಕೂತರು, ಕಾಗದ ಕೊಟ್ಟು "ಎಲ್ಲರೂ ಬರಬೇಕು" ಅಂದರು. ಅಷ್ಟೇ ನಡೆದದ್ದು. ಅಜ್ಜಿ ಮೂವತ್ತು ವರ್ಷ ಆ ಕತೆ ಹೇಳಿದರು, ಪ್ರತಿ ಸಲ "ಅವನು ಕೂತ ನೋಡು, ಕೂತೇಬಿಟ್ಟ" ಅನ್ನುವಲ್ಲಿ ದನಿ ಒಂದೇ ತರಹ ನಡುಗುತ್ತಿತ್ತು. ನನಗೆ ಅಜ್ಜಿ ಅಂದರೆ ಪ್ರಾಣ. ಅವರ ಕೈಯ ಅನ್ನ ತಿಂದು ಬೆಳೆದವಳು ನಾನು. ಆದರೂ ಬೆಂಚಿನ ಮೇಲೆ ಕೂತ ಆ ಅಪ್ಪನಿಗೆ ಆ ದಿನ ಎಷ್ಟು ಧೈರ್ಯ ಬೇಕಾಗಿತ್ತು, ಬರುವ ದಾರಿಯಲ್ಲಿ ಎಷ್ಟು ಸಲ ಯೋಚಿಸಿದ್ದರೋ ಅಂತ ನೆನೆದರೆ ಇವತ್ತಿಗೂ ಕಣ್ಣು ತುಂಬುತ್ತದೆ.

ನಿಮ್ಮ ಸಾಗರದ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇಣಿದಾರರು ಮಾಡಿದ 1951ರ ಕಾಗೋಡು ಸತ್ಯಾಗ್ರಹ ಎದ್ದದ್ದೇ ಗೇಣಿ ಭತ್ತ ಅಳೆಯುವ ಕೊಳಗ ಯಾವ ಅಳತೆಯದು ಅನ್ನುವ ಜಗಳದಿಂದ. ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನ ಆದರು. ಕೊಳಗ ದೊಡ್ಡದಾದರೆ ಭತ್ತ ಹೋಗುತ್ತದೆ, ಅದು ಒಂದು. ನನ್ನ ಕಣ್ಣ ಮುಂದೆಯೇ ಮೋಸದ ಕೊಳಗದಲ್ಲಿ ಅಳೆಯುತ್ತಾರೆ, ನಾನು ಸುಮ್ಮನಿರಬೇಕು ಅನ್ನುವ ಅವಮಾನ ಇನ್ನೊಂದು. ಹಂಚಿಕೆಯ ಜಗಳದಲ್ಲಿ ಈ ಎರಡನೆಯದು ಯಾವಾಗಲೂ ಇರುತ್ತದೆ, ಕೊಡುವ ಕಡೆಯೂ, ಪಡೆಯುವ ಕಡೆಯೂ.

ಈಗ ನಿಮ್ಮ ಅಪ್ಪನ ಹತ್ತಿರ ಬರುತ್ತೇನೆ. ನೀವು "ಸರ್ಕಾರದ ಸಹಾಯದಿಂದಲೇ ಮೇಲೆ ಬಂದ ಮನುಷ್ಯ" ಅಂತ ಬರೆದಿದ್ದೀರಿ. ನಿಮಗೆ ಹಾಗೆ ಕಾಣುತ್ತದೆ. ಅವರಿಗೆ ಹಾಗೆ ಕಾಣುವುದಿಲ್ಲ, ಮತ್ತು ಇದರಲ್ಲಿ ಅವರು ಒಬ್ಬರೇ ಅಲ್ಲ. ಅಮೆರಿಕದ ರಾಜಕೀಯ ಶಾಸ್ತ್ರಜ್ಞೆ ಸುಝಾನ್ ಮೆಟ್ಲರ್ 2008ರ ಒಂದು ಸಮೀಕ್ಷೆಯಲ್ಲಿ ಜನರನ್ನು ನೇರವಾಗಿ ಕೇಳಿದರು: ಸರ್ಕಾರದ ಸಾಮಾಜಿಕ ಯೋಜನೆ ಯಾವುದನ್ನಾದರೂ ಬಳಸಿದ್ದೀರಾ? ಮನೆ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಪಡೆದವರಲ್ಲಿ ನೂರಕ್ಕೆ 60 ಜನ ಇಲ್ಲ ಅಂದರು. ಸರ್ಕಾರದ ವೃದ್ಧಾಪ್ಯ ಪಿಂಚಣಿ ಪಡೆಯುವವರಲ್ಲೂ ನೂರಕ್ಕೆ 44 ಜನ ಇಲ್ಲ ಅಂದರು. ನಾಟಕ ಆಡಿದ್ದಲ್ಲ. ತಮಗೆ ಬಂದದ್ದು ತಮ್ಮದೇ ಅಂತ ಅವರು ನಿಜವಾಗಿ ನಂಬಿದ್ದರು.

ನಮ್ಮಲ್ಲೂ ನೋಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲ. ಗೊಬ್ಬರದ ಮೂಟೆಗೆ ಕೇಂದ್ರ ಸರ್ಕಾರ ಎಷ್ಟು ತುಂಬುತ್ತದೆ ಅಂತ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗೆ, ಹಿಂದಿನ ಸರಾಸರಿಗೆ ಹತ್ತು ಪರ್ಸೆಂಟ್ ಸೇರಿಸಿ, ಬಿಲ್ಲು ಸೊನ್ನೆ ಬರುತ್ತದೆ. ಬಡವ, ಸ್ಥಿತಿವಂತ ಅನ್ನುವ ಭೇದ ಇಲ್ಲ. ನೀವು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದರೆ ನಿಮಗೂ ಬರುತ್ತಿರಬಹುದು. ಆ ಸೊನ್ನೆ ಬಿಲ್ಲಿನ ಬಗ್ಗೆ ಬಸ್ಸಿನಷ್ಟು ಜಗಳ ಆಗಿದ್ದನ್ನು ನಾನು ಎಲ್ಲೂ ಕೇಳಲಿಲ್ಲ. ಯಾಕೆಂದರೆ ಕರೆಂಟು ಮನೆಯೊಳಗೆ ಕಾಣದ ಹಾಗೆ ಬರುತ್ತದೆ, ಎಲ್ಲರಿಗೂ ಬರುತ್ತದೆ. ಬಸ್ಸಿನಲ್ಲಿ ಪಡೆದವರು ನಮ್ಮ ಎದುರಿಗೇ ಕೂತಿರುತ್ತಾರೆ, ನಗುತ್ತಿರುತ್ತಾರೆ.

ನಿಮ್ಮ ಮನೆಯ ಗದ್ದೆ ಬಿಟ್ಟಿ ಬಂದದ್ದು ಅಂತ ಅಪ್ಪನ ಮುಂದೆ ಅನ್ನಲೇಬೇಡಿ. ಅದು ಬಿಟ್ಟಿ ಬಂದದ್ದಲ್ಲ ಅನ್ನುವುದೂ ನಿಜ. ಅರ್ಜಿ ಹಾಕಿದ ಒಕ್ಕಲು ಮರುದಿನ ಅದೇ ಊರಲ್ಲಿ, ಅದೇ ಒಡೆಯರ ಮುಂದೆ ಓಡಾಡಬೇಕಿತ್ತು. ಎಷ್ಟೋ ಕೇಸುಗಳು ನ್ಯಾಯಮಂಡಳಿಯಿಂದ ಹೈಕೋರ್ಟಿಗೆ ಹೋಗಿ ವರ್ಷಗಟ್ಟಲೆ ಎಳೆದಾಡಿದವು. ಆ ಹೊತ್ತಿಗೆ ನಿಮ್ಮ ಅಪ್ಪ ಹದಿಹರೆಯದ ಹುಡುಗ. ಅಜ್ಜನ ಜೊತೆ ತಾಲೂಕು ಕಚೇರಿಗೆ ಹೋಗಿರಬಹುದು, ಹೊರಗೆ ಮರದ ಕೆಳಗೆ ಕಾದಿರಬಹುದು. ಹಾಸ್ಟೆಲಿನಲ್ಲೂ ಅಷ್ಟೇ, ಅಲ್ವಾ? ಸೀಟು ಸಿಗಬೇಕಾದರೆ ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು, ವಾರ್ಡನ್ ಬೈಗುಳ. ತಟ್ಟೆ ಹಿಡಿದು ನಿಂತ ಸಾಲು. ಆ ಸಾಲಿನಲ್ಲಿ ನಿಂತದ್ದಕ್ಕೆ ಅವರು ಒಂದು ಬೆಲೆ ಕಟ್ಟಿಕೊಂಡಿದ್ದಾರೆ. ನಾನು ಕಷ್ಟಪಟ್ಟೆ, ಅದಕ್ಕೇ ಸಿಕ್ಕಿತು. ಈಗ ಯಾರೋ ಬರೀ ಒಂದು ಕಾರ್ಡು ತೋರಿಸಿ ಬಸ್ಸು ಹತ್ತಿ ಕೂರುತ್ತಾರೆ, ಅವಮಾನ ಇಲ್ಲ, ಕಾಯುವುದಿಲ್ಲ, ಯಾರ ಕಾಲೂ ಹಿಡಿಯಬೇಕಾಗಿಲ್ಲ.

ನನ್ನ ಪ್ರಕಾರ ನಿಮ್ಮ ಅಪ್ಪನಿಗೆ ತಡೆದುಕೊಳ್ಳಲಾಗದೆ ಇರುವುದು ಇದೇ. ಅವರ ದುಡ್ಡು ಯಾರೂ ಕಿತ್ತುಕೊಂಡಿಲ್ಲ. ಅವರು ಪಟ್ಟ ಕಷ್ಟಕ್ಕೆ ಇದ್ದ ಬೆಲೆ ಇಳಿದುಹೋಯಿತು ಅಂತ ಅನಿಸಿದೆ. ಕಷ್ಟ ಇಲ್ಲದೆಯೂ ಕೊಡಬಹುದು ಅಂತಾದರೆ, ಅಂದು ನನಗೆ ಯಾಕೆ ಅಷ್ಟು ಕಷ್ಟ ಕೊಟ್ಟು ಕೊಟ್ಟರು? ಈ ಪ್ರಶ್ನೆ ತುಂಬಾ ನೋವಿನದು. ಅದನ್ನು ಕೇಳಿಕೊಳ್ಳುವುದಕ್ಕಿಂತ ಬಸ್ಸಿನಲ್ಲಿ ಕೂತವರ ಮೇಲೆ ಸಿಟ್ಟಾಗುವುದು ಸುಲಭ. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಅನ್ನುವ ಗಾದೆ, ಕಾಯಕದ ಮಾತು, ಎಲ್ಲ ಆಗ ನಾಲಿಗೆ ತುದಿಗೆ ಬರುತ್ತವೆ. ಕಾಯಕ ಹೇಳಿಕೊಟ್ಟ ಅದೇ ಶರಣರು ದಾಸೋಹವನ್ನೂ ಹೇಳಿಕೊಟ್ಟರು ಅನ್ನುವುದು ಮಾತ್ರ ಆ ಹೊತ್ತಿಗೆ ಮರೆತಿರುತ್ತದೆ.

ಇನ್ನೊಂದು ಭಾವನೆ ಇದೆ, ನಿಮ್ಮ ಮನೆಗೆ ಅನ್ವಯಿಸುತ್ತದೋ ಇಲ್ಲವೋ, ಆದರೆ ಊರಲ್ಲಿ ನೀವು ನೋಡಿರುತ್ತೀರಿ. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.20 ಲಕ್ಷ ಮಿತಿ. ಈ ಗೆರೆಗಿಂತ ಒಂದು ಮೆಟ್ಟಿಲು ಮೇಲಿರುವ ಮನೆಯವರಷ್ಟು ಸಿಟ್ಟು ಕಾರು, ಬಂಗಲೆ ಇರುವವರಿಗೂ ಇರುವುದಿಲ್ಲ. ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞೆ ಇಲ್ಯಾನಾ ಕುಝಿಯೆಂಕೊ ಮತ್ತು ಜೊತೆಯವರು ಒಂದು ಆಟ ಆಡಿಸಿದರು. ಎಲ್ಲರಿಗೂ ಬೇರೆ ಬೇರೆ ಮೊತ್ತ, ಒಬ್ಬರಿಗಿಂತ ಇನ್ನೊಬ್ಬರಿಗೆ ಒಂದೇ ಡಾಲರ್ ವ್ಯತ್ಯಾಸ. ಈಗ ನಿಮಗೆ ಎರಡು ಡಾಲರ್ ಕೊಡುತ್ತೇವೆ, ನಿಮ್ಮ ಮೇಲಿನವರಿಗೆ ಇಲ್ಲವೇ ಕೆಳಗಿನವರಿಗೆ ಕೊಡಬೇಕು ಅಂದರು. ಕೆಳಗಿನವರಿಗೆ ಕೊಟ್ಟರೆ ಅವರು ನಿಮ್ಮನ್ನು ದಾಟಿ ಹೋಗುತ್ತಾರೆ. ಕೆಳಗಿನವರಿಗೆ ಕೊಡಲು ಎಲ್ಲರಿಗಿಂತ ಜಾಸ್ತಿ ಹಿಂಜರಿದವರು ಕೊನೆಯಿಂದ ಎರಡನೆಯವರು. ಕೊನೆಯವರಾಗುವ ಭಯ ಅದು. ಕನಿಷ್ಠ ಕೂಲಿಗಿಂತ ಸ್ವಲ್ಪವೇ ಜಾಸ್ತಿ ಸಂಪಾದಿಸುವವರು ಕನಿಷ್ಠ ಕೂಲಿ ಏರಿಸುವುದನ್ನು ಬೇಡ ಅನ್ನುವುದೂ ಜಾಸ್ತಿ ಅಂತ ಅದೇ ತಂಡ ಕಂಡುಕೊಂಡಿತು. ಇಂಥವರನ್ನು ಕಲ್ಲು ಮನಸ್ಸಿನವರು ಅನ್ನಬಾರದು. ಅವರ ಕಾಲ ಕೆಳಗೆ ಒಂದೇ ಮೆಟ್ಟಿಲಿದೆ, ಅದನ್ನೂ ತೆಗೆಯುತ್ತಾರೆ ಅಂತ ಹೆದರಿದ್ದಾರೆ.

ಮತ್ತೆ "ನಮ್ಮವರು" ಅನ್ನುವ ಗೆರೆ. ಇದನ್ನು ಮುಚ್ಚಿಟ್ಟು ಮಾತಾಡುವುದು ನನಗೆ ಇಷ್ಟ ಇಲ್ಲ. ನಮ್ಮ ದೇಶದಲ್ಲಿ ಬಿಟ್ಟಿ ಅನ್ನುವ ಪದದ ಬೆನ್ನಿಗೆ ಎಷ್ಟೋ ಸಲ ಜಾತಿ ನಿಂತಿರುತ್ತದೆ, ಧರ್ಮ ನಿಂತಿರುತ್ತದೆ. ನಮ್ಮ ಜಾತಿಯ ಹುಡುಗನಿಗೆ ಸಿಕ್ಕರೆ ಪ್ರತಿಭೆಗೆ ಸಿಕ್ಕಿತು, ಅವರ ಹುಡುಗನಿಗೆ ಸಿಕ್ಕರೆ ಸರ್ಕಾರ ಕೊಟ್ಟಿತು. ಅಮೆರಿಕದಲ್ಲಿ ಇದೇ ಕೆಲಸವನ್ನು ಬಣ್ಣ ಮಾಡುತ್ತದೆ. ಯುರೋಪಿಗಿಂತ ಅಲ್ಲಿ ಸರ್ಕಾರದ ಸಹಾಯ ಕಮ್ಮಿ ಇರುವುದಕ್ಕೆ ಜನಾಂಗದ ಗೆರೆಯೇ ಒಂದು ದೊಡ್ಡ ಕಾರಣ ಅಂತ ಆಲ್ಬರ್ಟೊ ಅಲೆಸಿನಾ, ಎಡ್ವರ್ಡ್ ಗ್ಲೇಸರ್ ಅನ್ನುವ ಅರ್ಥಶಾಸ್ತ್ರಜ್ಞರು ವಾದಿಸಿದ್ದಾರೆ. ಗೆರೆ ಎಲ್ಲಿ ಬೀಳುತ್ತದೆ ಅನ್ನುವುದೂ ಬದಲಾಗುತ್ತಾ ಇರುತ್ತದೆ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೇ ದೆಹಲಿಯಲ್ಲಿ "ನನ್ನ ತೆರಿಗೆ ನನ್ನ ಹಕ್ಕು" ಅಂತ ಧರಣಿ ಕೂತಿತು. ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 4.71ರಿಂದ 3.65 ಪರ್ಸೆಂಟಿಗೆ ಇಳಿದದ್ದು ನಿಜ, ಆ ವಾದದಲ್ಲಿ ಹುರುಳಿದೆ. ಆದರೆ ಮನಸ್ಸಿನ ಮಟ್ಟಿಗೆ ನೋಡಿ. ಶಕ್ತಿ, ಗೃಹಲಕ್ಷ್ಮಿಯಂಥ ಗ್ಯಾರಂಟಿ ಯೋಜನೆ ಬೇಕು ಅನ್ನುವ ನಾವೇ, ನಮ್ಮ ದುಡ್ಡು ಉತ್ತರದವರಿಗೆ ಯಾಕೆ ಅಂದಾಗ, ಟಿಕೆಟ್ ಕೊಟ್ಟು ನಿಂತಿದ್ದ ಆ ಮನುಷ್ಯನ ದನಿಯಲ್ಲೇ ಮಾತಾಡುತ್ತೇವೆ. ನಾನೂ ಮಾತಾಡಿದ್ದೇನೆ. ಆ ಸಿಟ್ಟು ಹೇಗಿರುತ್ತದೆ ಅಂತ ಅದರಿಂದಲೇ ನನಗೆ ಒಳಗಿನಿಂದ ಗೊತ್ತು.

ಭಯದ ಬಗ್ಗೆ ಒಂದು ಮಾತು. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಪಿತ್ರಾರ್ಜಿತ ಆಸ್ತಿಗೆ ತೆರಿಗೆ ಅನ್ನುವ ಮಾತು ಎದ್ದಿತ್ತು. ನಮ್ಮ ಪರಿಚಯದ ಒಬ್ಬರು, ಸ್ವಂತ ಮನೆ ಇಲ್ಲ, ಊರಲ್ಲಿ ಅಣ್ಣತಮ್ಮಂದಿರ ನಡುವೆ ಅರ್ಧ ಸೈಟು ಅಷ್ಟೇ, ರಾತ್ರಿ ನಿದ್ದೆಗೆಟ್ಟು ಫೋನ್ ಮಾಡಿದ್ದರು. ಇಂಥ ತೆರಿಗೆ ನಮ್ಮಲ್ಲಿ 1953ರಿಂದ 1985ರವರೆಗೆ ಇತ್ತು, ಮಿತಿ ಮೀರಿದ ಆಸ್ತಿಗೆ ಮಾತ್ರ ಬೀಳುತ್ತಿತ್ತು ಅಂತ ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ. ಇರುವುದು ಅರ್ಧ ಸೈಟಾದರೂ ಅದರಲ್ಲಿ ಮಗನಿಗೆ ಅಂತ ಕಟ್ಟಿದ ಕನಸು ಪೂರ್ತಿ ಇದೆ. ಕೈಯಲ್ಲಿರುವುದು ಹೋದರೆ ಆಗುವ ನೋವು ಅಷ್ಟೇ ಸಿಕ್ಕರೆ ಆಗುವ ಸಂತೋಷಕ್ಕಿಂತ ಜಾಸ್ತಿ ಅಂತ ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಬರೆದರು. ಕನಸಿನ ಆಸ್ತಿಗೂ ಅದು ಹೊಂದುತ್ತದೆ ಅಂತ ಆ ರಾತ್ರಿ ನನಗೆ ಅನಿಸಿತು.

ಇಷ್ಟೆಲ್ಲ ಹೇಳಿ, ಒಂದು ಎಚ್ಚರಿಕೆಯನ್ನೂ ಹೇಳಬೇಕು. ಗ್ಯಾರಂಟಿಗಳನ್ನು ಬೇಡ ಅನ್ನುವವರೆಲ್ಲ ಭಾವನೆಯಿಂದಲೇ ಅನ್ನುತ್ತಾರೆ ಅಂತಲ್ಲ. 2024-25ರ ರಾಜ್ಯ ಬಜೆಟ್ ಸುಮಾರು 3.71 ಲಕ್ಷ ಕೋಟಿ, ಅದರಲ್ಲಿ ಐದು ಗ್ಯಾರಂಟಿಗೆ ಸುಮಾರು 52 ಸಾವಿರ ಕೋಟಿ. ಅಷ್ಟು ದುಡ್ಡಿನಲ್ಲಿ ಶಾಲೆ, ಆಸ್ಪತ್ರೆ, ರಸ್ತೆ ಏನೇನು ಆಗಬಹುದಿತ್ತು ಅಂತ ಕೇಳುವುದು ನ್ಯಾಯವಾದ ಪ್ರಶ್ನೆ. 2025ರ ಜನವರಿಯಲ್ಲಿ ಬಸ್ ದರ 15 ಪರ್ಸೆಂಟ್ ಏರಿತು, ಅದನ್ನು ಕೊಟ್ಟದ್ದು ಟಿಕೆಟ್ ತೆಗೆದುಕೊಳ್ಳುವವರು. ಕರಾವಳಿ, ಮಲೆನಾಡಿನ ಎಷ್ಟೋ ಊರಿಗೆ ಖಾಸಗಿ ಬಸ್ಸೇ ಗತಿ, ಅಲ್ಲಿನ ಹೆಂಗಸರಿಗೆ ಶಕ್ತಿ ಇದ್ದೂ ಇಲ್ಲದ ಹಾಗೆ. ನಿಮ್ಮ ಅಪ್ಪ ಇಂಥದ್ದನ್ನು ಹೇಳಿದರೆ ದಯವಿಟ್ಟು ಒಪ್ಪಿಕೊಳ್ಳಿ, ಅದಕ್ಕೂ ಭಾವನೆ ಅಂತ ಹೆಸರಿಟ್ಟು ಪಕ್ಕಕ್ಕೆ ತಳ್ಳಬೇಡಿ. "ನಮ್ಮ ತೆರಿಗೆ ದುಡ್ಡು" ಅಂದರೆ ಮಾತ್ರ ಒಂದು ಮಾತು ಸೇರಿಸಬಹುದು. ರಾಜ್ಯ ಸರ್ಕಾರ ತಾನೇ ವಸೂಲಿ ಮಾಡುವ ತೆರಿಗೆಯಲ್ಲಿ ಹೆಚ್ಚಿನದು ಬರುವುದು ಜಿಎಸ್‌ಟಿ, ಪೆಟ್ರೋಲು ಡೀಸೆಲ್ಲು, ಮದ್ಯ, ಆಸ್ತಿ ನೋಂದಣಿ, ವಾಹನ ಇವುಗಳಿಂದ. ಸೋಪು ಕೊಳ್ಳುವ ಕೂಲಿ ಹೆಂಗಸೂ ಅದರಲ್ಲಿ ಕೊಟ್ಟಿದ್ದಾಳೆ.

ಇನ್ನು ಏನು ಮಾಡಬಹುದು ಅಂತ. ಅಂಕಿಅಂಶ ಹಿಡಿದುಕೊಂಡು ಹೋಗಬೇಡಿ, ನಾನು ಮೇಲೆ ಬರೆದದ್ದನ್ನೂ ಓದಿ ಹೇಳಬೇಡಿ. ನೀವೂ ಅರ್ಜಿ ಹಾಕಿಯೇ ಪಡೆದವರಲ್ಲವಾ ಅಂತ ಚುಚ್ಚಿದರೆ, ಅವರಿಗೆ ಅದು ಅಜ್ಜನಿಗೆ ಮಾಡಿದ ಅವಮಾನದ ಹಾಗೆ ಕೇಳುತ್ತದೆ. ಮುಂದಿನ ಸಲ ಊರಿಗೆ ಹೋದಾಗ, ಊಟ ಆದ ಮೇಲೆ, ಹಾಸ್ಟೆಲಿನ ಕತೆ ಕೇಳಿ. ಊಟಕ್ಕೆ ಏನು ಹಾಕುತ್ತಿದ್ದರು, ಹೊದೆಯಲು ಏನಿತ್ತು, ಊರಿಗೆ ಬರಲು ಬಸ್ಸಿನ ದುಡ್ಡು ಯಾರು ಕೊಡುತ್ತಿದ್ದರು, ಇಲ್ಲದಾಗ ಏನು ಮಾಡುತ್ತಿದ್ದಿರಿ. ತಾಲೂಕು ಕಚೇರಿಗೆ ಅಜ್ಜನ ಜೊತೆ ಹೋಗಿದ್ದು ನೆನಪಿದೆಯಾ ಅಂತ ಕೇಳಿ. ಮಧ್ಯೆ ಬಾಯಿ ಹಾಕಬೇಡಿ. ಅವರ ಕಷ್ಟವನ್ನು ಯಾರಾದರೂ ಪೂರ್ತಿ ಕೂತು ಕೇಳಿದ್ದಾರೆ ಅಂತ ಅವರಿಗೆ ಅನಿಸಬೇಕು. ಬಸ್ಸಿನ ವಿಷಯ ಆ ದಿನ ಎತ್ತಲೇಬೇಡಿ. ನಾನು ನೋಡಿದ ಹಾಗೆ, ಹಾಗೆ ಹೇಳಿಕೊಂಡವರಲ್ಲಿ ಕೆಲವರು ತಾವಾಗಿಯೇ ಒಂದು ದಿನ, "ನಮ್ಮ ಕಾಲಕ್ಕೆ ಇದಿದ್ರೆ ನಮ್ಮವ್ವ ಅಷ್ಟು ದೂರ ನಡೀಬೇಕಿರ್ಲಿಲ್ಲ" ಅಂದದ್ದಿದೆ. ಎಲ್ಲರೂ ಅನ್ನುವುದಿಲ್ಲ. ನಿಮ್ಮ ಅಪ್ಪ ಅನ್ನದೆಯೂ ಇರಬಹುದು.

ಕೊನೆಗೆ ಆ ಇನ್ನೂರು ರೂಪಾಯಿ. ನಿಮ್ಮ ಪತ್ರದಲ್ಲಿ ನನಗೆ ಬಹಳ ಹೊತ್ತು ಕಾಡಿದ್ದು ಅದೇ. ನಲವತ್ತು ವರ್ಷ ಆ ಮನೆಯಲ್ಲಿ ಅಮ್ಮ ಹೊರಗೆ ಹೊರಟಾಗೆಲ್ಲ ಬಸ್ಸಿನ ದುಡ್ಡು ಅಪ್ಪನ ಜೇಬಿನಿಂದ ಬಂದಿರಬೇಕು. ಕೇಳುವವರು ಅವರು, ಕೊಡುವವರು ಇವರು. ಕೊಡುವಾಗ ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ಬರ್ತೀಯಾ ಅನ್ನುವ ಮಾತೂ ಆಗುತ್ತಿತ್ತು. ಅದರಲ್ಲಿ ಅಧಿಕಾರ ಇತ್ತು, ಆದರೆ ಅಕ್ಕರೆಯೂ ಅದೇ ನೋಟಿನ ಜೊತೆ ಹೋಗುತ್ತಿತ್ತು. ಅವರಿಗೆ ಅಕ್ಕರೆ ತೋರಿಸಲು ಬೇರೆ ದಾರಿ ಗೊತ್ತಿದೆಯೋ ಇಲ್ಲವೋ. ಸರ್ಕಾರ ಒಂದು ದಿನ ಆ ದುಡ್ಡು ಬೇಡ ಅನ್ನುವ ಹಾಗೆ ಮಾಡಿತು. ಅವರು ಈಗ ಟಿಕೆಟ್ ತಗೋ ಅಂತ ಕೊಡುತ್ತಿರುವುದರಲ್ಲಿ ಸ್ವಾಭಿಮಾನ ಎಷ್ಟಿದೆಯೋ, ಆ ಹಳೆಯ ಕೈಯನ್ನು ಬಿಡಲಾರದೆ ಇರುವುದೂ ಅಷ್ಟೇ ಇದೆ ಅಂತ ನನಗೆ ಅನಿಸುತ್ತದೆ.

ಹಾಗಾಗಿ ಸಾಸಿವೆ ಡಬ್ಬದ ವಿಷಯ ಅಪ್ಪನಿಗೆ ಹೇಳಬೇಡಿ, ಜಗಳದಲ್ಲಿ ಗೆಲ್ಲುವುದಕ್ಕಂತೂ ಬೇಡವೇ ಬೇಡ. ಅದು ಅಮ್ಮನ ದುಡ್ಡು. ಅವರು ಅದರಲ್ಲಿ ಏನು ಮಾಡಬೇಕು ಅಂದುಕೊಂಡಿದ್ದಾರೆ ಅಂತ ನೀವು ಬರೆದಿಲ್ಲ. ಯಾವತ್ತಾದರೂ ಅಡಿಗೆ ಮನೆಯಲ್ಲಿ ಇಬ್ಬರೇ ಇದ್ದಾಗ ಅಮ್ಮನನ್ನೂ ಕೂರಿಸಿಕೊಂಡು ಕೇಳಿ. ಈ ಇಡೀ ಜಗಳದಲ್ಲಿ ಬಸ್ಸು ಹತ್ತಿ ಹೋಗುತ್ತಿರುವವರು ಅವರೊಬ್ಬರೇ, ಅವರನ್ನು ಇನ್ನೂ ಯಾರೂ ಏನೂ ಕೇಳಿದ ಹಾಗಿಲ್ಲ.